ತೊಳೆದರೂ ಬಿಡದ ಬೀಗ

ನಮ್ಮ ಬಳ್ಳಾರಿಯಲ್ಲಿ ಅದಿರಿನ ಲಾರಿಗಳು ಎಡೆಬಿಡದೆ ಓಡುತ್ತಿದ್ದ ವರ್ಷಗಳಲ್ಲಿ ಏನು ಕೆಟ್ಟರೂ ನಾವು ಅದನ್ನು ಧೂಳಿನ ತಲೆಗೆ ಕಟ್ಟುತ್ತಿದ್ದೆವು. ಗಡಿಯಾರ ನಿಂತಿತೇ, ಧೂಳು. ಹಾಲು ಒಡೆಯಿತೇ, ಧೂಳು. ಎದುರುಮನೆಯ ಅತ್ತೆ ಸೊಸೆ ಮಾತು ಬಿಟ್ಟಾಗಲೂ, "ಈ ಧೂಳಿನ್ಯಾಗ ಯಾರ ತಲಿ ನೆಟ್ಟಗಿರ್ತೈತಿ ಹೇಳ್ರಿ" ಎಂದು ಓಣಿಯೇ ಅವರನ್ನು ಕ್ಷಮಿಸಿತ್ತು. ನಾನು ಇತಿಹಾಸದ ಮೇಡಂ. ಒಂದು ಸಾಮ್ರಾಜ್ಯ ಬಿತ್ತೆಂದರೆ ಹತ್ತಾರು ಕಾರಣ ಹೇಳಿ ಎಂದು ಮಕ್ಕಳ ಜೀವ ತಿನ್ನುವವಳು. ಆದರೆ ಮನೆಯಲ್ಲಿ ನನಗೂ ಒಂದೇ ಕಾರಣ ಸಾಕಾಗುತ್ತಿತ್ತು. ಅದೂ ಕಿಟಕಿಯ ಮೇಲೆ ಕೆಂಪಗೆ ಕೂತಿರುತ್ತಿತ್ತು, ಹುಡುಕುವ ಕಷ್ಟವೂ ಇರಲಿಲ್ಲ.

ಆಗ ಊರಲ್ಲಿ ಅನೇಕರ ಮನೆ ಮುಂದೆ ದೊಡ್ಡ ದೊಡ್ಡ ಕಾರುಗಳು ಬಂದವು. ಕಂಟೋನ್ಮೆಂಟಿನ ನಮ್ಮ ಬಾಡಿಗೆ ಮನೆಗೆ ಒಂದು ಕಂಪ್ಯೂಟರ್ ಬಂತು. ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮವರು ಅದಕ್ಕೆ ಹಳೆಯ ಹಾಸಿಗೆ ಬಟ್ಟೆಯಿಂದ ಗವಸು ಹೊಲಿಸಿದರು. ಸಂಜೆ ಗವಸು ತೆಗೆಯುವುದು, ಒರೆಸುವುದು, ಮತ್ತೆ ಗವಸು ಹಾಕುವುದು. ನಡುವೆ ಸಮಯ ಉಳಿದರೆ ಕಂಪ್ಯೂಟರ್ ಹಚ್ಚುವುದು. ಇದರ ಸುದ್ದಿ ನನ್ನ ತವರೂರು ಸಿರುಗುಪ್ಪದವರೆಗೂ ಹೋಗಿತ್ತು.

ಅಲ್ಲಿಂದ ಒಂದು ದಿನ ಹುಸೇನಮ್ಮ ಚಾಚಿ ಬಂದರು. ನಮ್ಮ ತವರಿನ ಪಕ್ಕದ ಮನೆಯವರು, ನನ್ನನ್ನು ಎತ್ತಿ ಆಡಿಸಿದವರು. ಬಂದವರೇ ತಂದಿದ್ದ ಅಕ್ಕಿಯ ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ ಒಂದು ಪೊಟ್ಟಣ ಹೊರತೆಗೆದರು. ಪೊಟ್ಟಣದಲ್ಲಿ ಒಂದು ಸಿನಿಮಾ. ಮೇಲೆ ಡಿವಿಡಿ ಎಂದು ಬರೆದಿತ್ತು. ನಮ್ಮಲ್ಲಿ ಗುಂಡಗೆ ಹೊಳೆಯುವುದೆಲ್ಲ ಸೀಡಿಯೇ.

"ಅಕ್ಕಿಯಾಗ ಯಾಕ್ರಿ ಚಾಚಿ?" ಎಂದೆ.

"ಧೂಳು ಹತ್ತಬಾರದಲ್ಲವಾ ತಾಯಿ" ಎಂದರು. "ಗಿರಿಜಾ, ಇದರಾಗ ಇರೋದನ್ನ ನಿನ್ನ ಕಂಪ್ಯೂಟರ್‌ನ್ಯಾಗ ಹಾಕಿಡು. ಇದೊಂದು ಕೆಟ್ಟಿತಂದ್ರ ಅವ್ರು ಇನ್ನೊಮ್ಮಿ ಹೋದಂಗ."

ಅವರು ಎಂದರೆ ಚಾಚಿಯ ಗಂಡ, ಟಾಂಗಾ ಹೊಡೆಯುತ್ತಿದ್ದ ಕಾಸಿಂ ಚಾಚಾ. ತೀರಿಕೊಂಡು ವರ್ಷಗಳಾಗಿದ್ದವು. ಅವರು ಹರೆಯದಲ್ಲಿದ್ದಾಗ ಯಾರೋ ತೆಲುಗು ಸಿನಿಮಾದವರು ಕೆಂಚನಗುಡ್ಡದ ಹತ್ತಿರ ಹೊಳೆ ದಂಡೆಯಲ್ಲಿ ಚಿತ್ರೀಕರಣಕ್ಕೆ ಬಂದಿದ್ದರಂತೆ. ನಾಯಕ ಟಾಂಗಾದಿಂದ ಇಳಿಯಬೇಕು; ಟಾಂಗಾ ಚಾಚಾನದು. ಬೇರೇನೂ ಮಾಡಬೇಡ, ಕ್ಯಾಮೆರಾ ಕಡೆ ಮಾತ್ರ ನೋಡಬೇಡ ಎಂದು ಸಿನಿಮಾದವರು ಹೇಳಿದ್ದು ಇಷ್ಟೇ. ಚಾಚಾ ಮಾಡಿದ್ದೂ ಇಷ್ಟೇ: ನೋಡಿದರು. ನಾಯಕ ಇಳಿದ ಮೇಲೆ ಕುದುರೆಯ ಲಗಾಮು ಹಿಡಿದು, ಕತ್ತು ತಿರುಗಿಸಿ, ನೆಟ್ಟಗೆ ಕ್ಯಾಮೆರಾ ನೋಡಿ ನಕ್ಕುಬಿಟ್ಟಿದ್ದರು. ಹೊತ್ತು ಮುಳುಗುತ್ತಿತ್ತೋ, ಕುದುರೆ ಹಟ ಮಾಡಿತೋ, ಅದನ್ನು ಮತ್ತೆ ತೆಗೆಯದೆ ಹಾಗೇ ಇಟ್ಟುಕೊಂಡಿದ್ದರು. ಸಿನಿಮಾ ಮಾತ್ರ ಬಂದಷ್ಟೇ ಬೇಗ ಹೋಯಿತು. ಎಷ್ಟೋ ಕಾಲದ ಮೇಲೆ ಯಾವುದೋ ಸಣ್ಣ ಕಂಪನಿ ಅದರ ಸೀಡಿ ಹಾಕಿ, ಅದೂ ಮುಚ್ಚಿಹೋಗಿತ್ತು. ಇನ್ನೊಂದು ಪ್ರತಿ ಸಿಗುವ ಮಾತೇ ಇರಲಿಲ್ಲ.

ನಮ್ಮವರು ಗವಸು ತೆಗೆದು ಸೀಡಿ ಹಾಕಿದರು. ಕಂಪ್ಯೂಟರ್ ಅರ್ಧ ನಕಲು ಮಾಡಿ ನಿಂತಿತು. ಮತ್ತೆ ಹಾಕಿದರು, ಮತ್ತೆ ಅಲ್ಲೇ ನಿಂತಿತು. ಟೀವಿಯ ಪ್ಲೇಯರಿನಲ್ಲಿ ಹಾಕಿದರೆ ಮೊದಲಿನಿಂದ ಕೊನೆಯವರೆಗೆ ಸರಾಗವಾಗಿ ಓಡುತ್ತದೆ, ಚಾಚಾ ನಗುತ್ತಾರೆ. ಇದು ಹೇಗೆ ಎಂದು ಕೇಳಿಕೊಳ್ಳಬೇಕಿತ್ತು, ಅಲ್ಲವೇ? ಬಳ್ಳಾರಿಯಲ್ಲಿದ್ದು ಯಾರಾದರೂ ಕೇಳಿಕೊಳ್ಳುತ್ತಾರೆಯೇ! "ಧೂಳು" ಎಂದರು ನಮ್ಮವರು. "ಧೂಳೇ" ಎಂದೆ ನಾನು. "ಅಕ್ಕಿ ದಾಟಿ ಒಳಗ ಬಂತಲ್ಲವ್ವಾ ಈ ಧೂಳು!" ಎಂದು ಚಾಚಿ ಕೆನ್ನೆಗೆ ಕೈ ಹಚ್ಚಿದರು.

ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎನ್ನುತ್ತಾರಲ್ಲ, ಹಾಗಾಯಿತು ಆ ಸೀಡಿಯ ಪಾಡು. ನಮ್ಮವರು ಕನ್ನಡಕದ ಬಟ್ಟೆಯಿಂದ ಒರೆಸಿದರು. ನಾನು ಸೀಗೆಕಾಯಿ ನೀರಿನಲ್ಲಿ ತೊಳೆದೆ. ಕುರುಗೋಡಿನಿಂದ ಬಂದಿದ್ದ ನಮ್ಮತ್ತೆ, ಪೂಜೆಯ ಬೆಳ್ಳಿ ಸಾಮಾನನ್ನು ಫಳಫಳ ಹೊಳೆಯಿಸುವುದರಲ್ಲಿ ಹೆಸರಾದವರು, ಒಳಗಿನಿಂದ ವಿಭೂತಿ ಗಟ್ಟಿ ತಂದರು. "ಬೆಳ್ಳಿಗೆ ಇದೇ ಮದ್ದು. ಇದೂ ಬೆಳ್ಳಗೇ ಐತಲ್ಲ. ಹಚ್ಚಲೇನ್ರಿ ಹುಸೇನಮ್ಮಾರ?" ಎಂದು ಕೇಳಿದರು. ಚಾಚಿ, "ಹಚ್ರಿ ಹಚ್ರಿ, ಅವ್ರಿಗೆ ಒಳ್ಳೇದಾಗೋದಾದ್ರ ಯಾವ ದೇವರದಾದ್ರೇನು" ಎಂದರು. ಇಬ್ಬರು ಹಿರಿಯರೂ ಕೂತು, ಒಬ್ಬರು ಹಿಡಿದು ಒಬ್ಬರು ತಿಕ್ಕಿ, ಆ ಸೀಡಿಯನ್ನು ಕನ್ನಡಿ ಮಾಡಿದರು. ಕಂಪ್ಯೂಟರ್ ಮತ್ತೆ ಅಲ್ಲೇ ನಿಂತಿತು.

ಕೊನೆಗೆ ನಮ್ಮವರಿಗೆ ಕುತೂಹಲ ಹುಟ್ಟಿತು. ಬ್ಯಾಂಕಿನವರಿಗೆ ಕುತೂಹಲ ಹುಟ್ಟುವುದು ಅಪರೂಪ, ಹುಟ್ಟಿದರೆ ಬಿಡುವುದಿಲ್ಲ. ಆಮೆಯಂತೆ ತೆವಳುವ ಇಂಟರ್‌ನೆಟ್ಟಿನಲ್ಲಿ ಏನೇನೋ ಓದಿ ಎದ್ದು ಬಂದು, "ಲೇ, ಇದು ಧೂಳಲ್ಲ" ಎಂದರು. ನಮ್ಮ ಮನೆಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. "ಮಾಡಿದವ್ರೇ ಬೇಕಂತ ಅಲ್ಲಲ್ಲಿ ತಪ್ಪು ಇಟ್ಟಾರ. ಪ್ಲೇಯರ್ ಅದನ್ನ ದಾಟಿ ಹೋಗ್ತೈತಿ. ನಕಲು ಮಾಡಾಕ ಹೋದ ಕಂಪ್ಯೂಟರ್ ಅಲ್ಲೇ ಮುಗ್ಗರಿಸ್ತೈತಿ. ಅದೇ ಬೀಗ."

ನಾನು ಬೆರಗಾದೆ. ತಪ್ಪನ್ನೇ ಕಾವಲಿಗೆ ನಿಲ್ಲಿಸುವ ಜನರಿದ್ದಾರಲ್ಲ! ಆಮೇಲೆ ಯೋಚಿಸಿದರೆ ನಾವೂ ಅದನ್ನೇ ಮಾಡುತ್ತೇವೆ. ಮುದ್ದಾದ ಮಗುವಿನ ಕೆನ್ನೆಗೆ ಒಂದು ಕಪ್ಪು ಬೊಟ್ಟು ಇಡುತ್ತೇವೆ. ಕೆಟ್ಟ ಕಣ್ಣು ಬಂದು ಅಲ್ಲೇ ಮುಗ್ಗರಿಸಲಿ ಎಂದು. ಈ ಕಂಪನಿಯವರು ತಮ್ಮ ಕೂಸಿಗೆ ದೃಷ್ಟಿಬೊಟ್ಟು ಇಟ್ಟಿದ್ದರು. ನಾವು ಅದನ್ನು ಕೊಳೆ ಎಂದುಕೊಂಡು ವಿಭೂತಿ ಹಚ್ಚಿ ತಿಕ್ಕಿದ್ದೆವು. ಥಿಯೇಟರಿಗೇ ಯಾರೂ ಬಾರದ ಸಿನಿಮಾವನ್ನು ಕದಿಯಲು ಯಾರು ಬರುತ್ತಾರೆ ಎಂದುಕೊಂಡರೋ ಕಾಣೆ. ಹೆತ್ತವರಿಗೆ ಹೆಗ್ಗಣ ಮುದ್ದು.

ಹಾಗಾದರೆ ನಾವು ಮಾಡಹೊರಟಿದ್ದು ಕಳ್ಳತನವೇ ಎಂಬ ಹುಳ ಆಗ ನನ್ನ ತಲೆಗೆ ಹೊಕ್ಕಿತು. ಸಿನಿಮಾ ಶುರುವಾಗುವ ಮೊದಲು ಒಂದು ಎಚ್ಚರಿಕೆ ಬರುತ್ತದಲ್ಲ, ನಕಲು ಮಾಡಿದವರಿಗೆ ಶಿಕ್ಷೆ ಎಂದು, ಅದನ್ನು ಓದಿದಾಗಲೆಲ್ಲ ನನಗೆ ಹಳೆಯ ದಾನಶಾಸನಗಳ ಕೊನೆಯ ಸಾಲುಗಳು ನೆನಪಾಗುತ್ತವೆ. ಈ ಧರ್ಮವನ್ನು ಕೆಡಿಸಿದವರು ಗಂಗೆಯ ತಡಿಯಲ್ಲಿ ಹಸುವನ್ನು ಕೊಂದ ಪಾಪಕ್ಕೆ ಹೋಗುತ್ತಾರೆ, ಹೊಲಸಿನಲ್ಲಿ ಹುಳುವಾಗಿ ಹುಟ್ಟುತ್ತಾರೆ ಎಂದೆಲ್ಲ ಕೊರೆದಿರುತ್ತಾರೆ. ಕುರುಗೋಡಿನ ಕಡೆ ಹೋದಾಗ ಇಂಥ ಕಲ್ಲುಗಳ ಮುಂದೆ ನಿಂತು ನಾನು ಬಿಸಿಲು ಮರೆತದ್ದುಂಟು. ಕೆಡಿಸಬೇಡ ಎಂಬ ಶಾಪ ಬೇಕಾದಷ್ಟು ನೋಡಿದ್ದೇನೆ. ನಕಲು ಮಾಡಬೇಡ ಎಂಬ ಶಾಪ ಒಂದನ್ನೂ ನೋಡಿಲ್ಲ. ತಾಳೆಗರಿ ಗ್ರಂಥ ನಕಲು ಮಾಡಿಸಿ ಕೊಟ್ಟರಂತೂ ಪುಣ್ಯ ಎನ್ನುತ್ತಿದ್ದರು. ಅಲ್ಲದೆ ಚಾಚಿ ಅಂಗಡಿಯಲ್ಲಿ ಕೊಂಡದ್ದು ತಮ್ಮ ಗಂಡನ ನಗುವನ್ನು. ಸಿನಿಮಾ ಅದರ ಜೊತೆಗೆ ಬಂದದ್ದು. ಹೀಗೆ ವಾದ ಹೂಡಿ ನನ್ನ ಕೋರ್ಟಿನಲ್ಲಿ ನಾನೇ ಗೆದ್ದೆ.

ಅಷ್ಟರಲ್ಲಿ ಕೆಟ್ಟ ಸುದ್ದಿ ಬಂತು. ಟೀವಿಯಲ್ಲಿ ಹಾಕಿದರೆ ಈಗ ಅಲ್ಲೂ ಸಿನಿಮಾ ತಡವರಿಸುತ್ತಿತ್ತು. ವಿಭೂತಿ ತಿಕ್ಕಿ ತಿಕ್ಕಿ ಸೀಡಿಯ ಮೈತುಂಬ ನವಿರಾದ ಗೆರೆಗಳೆದ್ದಿದ್ದವು. ಕಂಪನಿಯವರ ತಪ್ಪನ್ನು ದಾಟುತ್ತಿದ್ದ ಪ್ಲೇಯರಿಗೆ ನಮ್ಮ ತಪ್ಪನ್ನು ದಾಟಲು ಆಗುತ್ತಿರಲಿಲ್ಲ. ಟಾಂಗಾ ಬರುವ ಹೊತ್ತಿಗೆ ಚಿತ್ರ ಚೌಕ ಚೌಕವಾಗಿ ಒಡೆದು ಹೇಗೋ ಮುಂದೆ ಹೋಯಿತು. ಚಾಚಿ ಸೆರಗಿನ ತುದಿ ಹಿಡಿದು ಕೂತರು. ನಮ್ಮತ್ತೆ ಮೆಲ್ಲಗೆ ಎದ್ದು ದೇವರ ಕೋಣೆಗೆ ಹೋದರು.

ಆಗ ನನ್ನ ಇತಿಹಾಸ ಒಮ್ಮೆಯಾದರೂ ಕೆಲಸಕ್ಕೆ ಬಂತು. ಶಾಸನ ಬೇಕೆಂದು ಯಾರೂ ಕಲ್ಲನ್ನು ಕಿತ್ತು ತರುವುದಿಲ್ಲ. ಒದ್ದೆ ಕಾಗದ ಹಚ್ಚಿ, ತಟ್ಟಿ, ಮಸಿ ಬಳಿದು, ಮೇಲಿನಿಂದಲೇ ಪಡಿಯಚ್ಚು ತೆಗೆಯುತ್ತಾರೆ. ಸೀಡಿಯ ಒಳಗೆ ನುಗ್ಗುವ ಹಟ ನಮಗೇಕೆ? ಅದು ಟೀವಿಯ ಮೇಲೆ ತೋರಿಸಿದ್ದನ್ನೇ ಹಿಡಿದರಾಯಿತಲ್ಲ! ನಮ್ಮವರ ಚಿಕ್ಕಪ್ಪನ ಮಗ ವೀರೇಶ ಕುರುಗೋಡಿನಲ್ಲಿ ಮದುವೆ ವಿಡಿಯೋ ತೆಗೆಯುತ್ತಾನೆ. ಗಣಿಯ ದುಡ್ಡಿನ ಮದುವೆಗಳಲ್ಲಿ ಬಿಡುವಿಲ್ಲದಿದ್ದ ಅವನಿಗೆ ಹೇಳಿ ಕಳಿಸಿದೆವು.

ಅವನು ಬಂದು ಟೀವಿಯ ಎದುರು ಕ್ಯಾಮೆರಾ ನಿಲ್ಲಿಸಿದ. ಕಿಟಕಿಗಳಿಗೆ ದುಪ್ಪಟಿ ಕಟ್ಟಿಸಿದ, ಫ್ಯಾನ್ ಆರಿಸಿದ, ಕುಕ್ಕರ್ ಇಳಿಸಿ ಎಂದ. "ಟೀವಿ ಆವಾಜ್ ಸೇರೇ ಬರ್ತೈತಿ. ಯಾರೂ ಪಿಟ್ ಅನ್ನಬ್ಯಾಡ್ರಿ. ಅದ್ರಾಗೂ ನೀವು, ಅಮ್ಮಾ" ಎಂದು ಚಾಚಿಗೆ ಕೈ ಮುಗಿದ. "ನಾನ್ಯಾಕ ಮಾತಾಡ್ಲಪ್ಪ" ಎಂದರು ಚಾಚಿ.

ನಾವೆಲ್ಲ ಬೆವರು ಸುರಿಸುತ್ತ ಉಸಿರು ಬಿಗಿಹಿಡಿದು ಕೂತೆವು. ಹೊಳೆ ಬಂತು. ಟಾಂಗಾ ಬಂತು. ಚಿತ್ರ ಒಮ್ಮೆ ನಡುಗಿ, ನಿಂತೇಹೋಯಿತು ಎನ್ನುವಾಗ ಚೇತರಿಸಿಕೊಂಡಿತು. ನಾಯಕ ಇಳಿದ. ಚಾಚಾ ಕತ್ತು ತಿರುಗಿಸಿ ನಕ್ಕರು.

"ನೋಡಬ್ಯಾಡ ಅಂದ್ರೂ ನೋಡ್ತೀರಲ್ರಿ!" ಎಂದರು ಚಾಚಿ, ಪಕ್ಕದಲ್ಲೇ ಕೂತವರಿಗೆ ಹೇಳುವಂತೆ. "ಟೊಪ್ಪಿಗಿ ನೆಟ್ಟಗ ಮಾಡ್ಕೋರಿ. ಮಂದಿ ನೋಡ್ತಾರ."

ವೀರೇಶ ತಲೆ ಚಚ್ಚಿಕೊಂಡ. ಇನ್ನೊಮ್ಮೆ ತೆಗೆಯೋಣ ಎಂದು ಸೀಡಿಯನ್ನು ಹಿಂದಕ್ಕೆ ಓಡಿಸಿದೆವು. ಹೊಳೆ ಬಂತು, ಟಾಂಗಾ ಬರಲಿಲ್ಲ. ಆ ಜಾಗಕ್ಕೆ ಬಂದೊಡನೆ ಪ್ಲೇಯರ್ ಕಿರ್ ಎಂದು ನಿಂತಿತು. ತೆಗೆದು ಹಾಕಿದೆವು, ಬೇರೆಯವರ ಪ್ಲೇಯರ್ ತಂದು ನೋಡಿದೆವು. ಕಾಸಿಂ ಚಾಚಾ ಆ ಸೀಡಿಯಿಂದ ಮತ್ತೆ ಹೊರಗೆ ಬರಲಿಲ್ಲ. ವೀರೇಶನ ಕ್ಯಾಮೆರಾದಲ್ಲಿ ಇದ್ದಷ್ಟೇ ಉಳಿದದ್ದು.

ಅವನು ಅದನ್ನು ಹಾಕಿ ತೋರಿಸಿದ. ಬಣ್ಣ ಸ್ವಲ್ಪ ಮಾಸಿತ್ತು, ಒಂದು ಕಪ್ಪು ಪಟ್ಟಿ ಮೇಲಿನಿಂದ ಕೆಳಗೆ ಉರುಳುತ್ತಿತ್ತು. ಆದರೆ ಚಾಚಾ ನಕ್ಕರು, ಅದರ ಮೇಲೆ ಚಾಚಿಯ ಗದರಿಕೆ ಖಣಖಣ ಕೇಳಿಸಿತು. ಅವರು ನಕ್ಕದ್ದೇ ಈ ಬೈಗುಳಕ್ಕೆ ಅನ್ನುವಂತಿತ್ತು. ವೀರೇಶನಿಗೆ ಪಾಪ, ತನ್ನ ಕೆಲಸ ಕೆಟ್ಟಿತೆಂದು ಸಂಕಟ. "ಚಿಂತಿ ಮಾಡಬ್ಯಾಡ್ರಿ ಅಮ್ಮಾ. ನಿಮ್ಮ ಆವಾಜ್ ತೆಗದು ಒಂದು ಚಲೋ ಹಾಡು ಕೂಡಿಸಿ ಕೊಡ್ತೀನಿ" ಎಂದ.

ಚಾಚಿ ಗಾಬರಿಯಿಂದ ಅವನ ಕೈ ಹಿಡಿದುಕೊಂಡರು.

"ತೆಗೀಬ್ಯಾಡಪ್ಪ. ನಮ್ಮಿಬ್ರದು ಕೂಡಿ ತಗಿಸಿದ್ದು ಒಂದು ಫೋಟೋನೂ ಇಲ್ಲ. ಈಗಾದ್ರೂ ಇಬ್ರೂ ಒಂದ್ರಾಗ ಅದೀವಿ."