ಅಪ್ಪ ಚೌಕಾಸಿ ಮಾಡಿ ತಂದ ಟಿವಿ ಗೇಮ್

ಥರ್ಮಾಕೋಲ್ ಕಿರ್ರೆಂದಾಗಲೆಲ್ಲ ನನ್ನ ಕಿವಿ ಬಿಸಿಯಾಗುತ್ತದೆ. ಕಾಯಿಲೆಯೇನಲ್ಲ, ನಾಚಿಕೆ. ಮೊನ್ನೆ ಭಾನುವಾರ ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ ಮಗ ಹೊಸ ವಿಡಿಯೋ ಗೇಮಿನ ಡಬ್ಬ ಬಿಚ್ಚುತ್ತಿದ್ದ. ಅವನ ಗೆಳೆಯರು ಸೋಫಾದ ಮೇಲೆ ಒತ್ತಿಕೊಂಡು ಕೂತಿದ್ದರು. ಥರ್ಮಾಕೋಲ್ ಕಿರ್ರೆಂದಿತು, ನಾನು ನೆನಪಿನಲ್ಲೇ ಹುಟ್ಟೂರು ಶಿಡ್ಲಘಟ್ಟಕ್ಕೆ ಹೋಗಿಬಿಟ್ಟೆ.

ನಿಮಗೆ ನಮ್ಮಪ್ಪನ ಪರಿಚಯ ಮಾಡಿಸಬೇಕು. ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಕಸುಬು ನಮ್ಮದು. ಅಪ್ಪ ಬೆಳಿಗ್ಗೆ ಗೂಡಿನ ಮಾರ್ಕೆಟ್ಟಿಗೆ ಹೋಗಿ, ಒಂದು ಹಿಡಿ ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ. ಒಳಗಿನ ಹುಳುವಿನ ಸದ್ದು ಕೇಳಿಯೇ ಮಾಲು ಎಂಥದ್ದೆಂದು ಹೇಳುತ್ತಿದ್ದ. ಅವನಿಗೆ ಟೋಪಿ ಹಾಕುವವನು ಇನ್ನೂ ಹುಟ್ಟಿಲ್ಲ ಎಂದು ಬೀದಿಯೆಲ್ಲ ಹೇಳುತ್ತಿತ್ತು. ಅಪ್ಪನೂ ಹೇಳಿಕೊಳ್ಳುತ್ತಿದ್ದ.

ತೊಂಬತ್ತರ ದಶಕದಲ್ಲಿ, ಟಿವಿಗೆ ಸಿಕ್ಕಿಸಿ ಆಡುವ ಗೇಮು ಬೇಕೆಂಬ ನನ್ನ ಕಾಟ ತಡೆಯಲಾರದೆ, ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೋದ. ಅಂಗಡಿಯವನು ಟಿವಿ ಗೇಮಿನ ರೇಟು ಹೇಳಿದ. ಅಪ್ಪ ಪೆಟ್ಟಿಗೆಯನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು, ಅಲ್ಲಾಡಿಸಿದ! ಪಕ್ಕದ ಗಿರಾಕಿಗಳು ನಕ್ಕರು. ನಾನು ಗೋಡೆಯ ಕಡೆ ತಿರುಗಿಕೊಂಡೆ. ಅಪ್ಪ ಅರ್ಧಕ್ಕೆ ಕೇಳಿದ, ಅಂಗಡಿಯವನು ಅಷ್ಟೇನೂ ಗೋಗರೆಸದೆ ಇಳಿದ.

“ಕ್ಯಾಸೆಟ್ ಯಾವ್ದು ಕೊಡ್ಲಿ ಸಾರ್?”

“ಅದೆಲ್ಲ ಬೇಡಪ್ಪ. ಗೂಡು ತಗೊಳ್ಳೋಕೆ ಬಂದೋನಿಗೆ ಚಂದ್ರಿಕೇನೂ ಕಟ್ಟೋಕೆ ನೋಡ್ತೀಯಾ?” ಎಂದ ಅಪ್ಪ. ಚಂದ್ರಿಕೆಯೆಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ. ಅಂಗಡಿಯವನ ಮುಖ ಸಪ್ಪಗಾಯಿತು.

ಯಾಕೆಂದು ಈಗ ಗೊತ್ತು. ಆ ವ್ಯಾಪಾರದ ಗುಟ್ಟೇ ಅದು. ಪೆಟ್ಟಿಗೆಯನ್ನು ಅಸಲಿಗೆ, ಕೆಲವು ಸಲ ನಷ್ಟಕ್ಕೇ ಕೊಡುತ್ತಾರೆ; ಲಾಭವೆಲ್ಲ ಆಮೇಲೆ ಒಂದೊಂದಾಗಿ ಕೊಳ್ಳುವ ಆಟದ ಕ್ಯಾಸೆಟ್ಟುಗಳಲ್ಲಿ. ದೊಡ್ಡ ದೊಡ್ಡ ಕಂಪನಿಗಳ ಈ ಲೆಕ್ಕಾಚಾರವನ್ನು ನಮ್ಮಪ್ಪ ಒಂದೇ ಏಟಿಗೆ ಸೋಲಿಸಿದ, ಆಟವನ್ನೇ ಕೊಳ್ಳದೆ.

ಸಂಜೆ ಕಿರ್ರೆನ್ನುವ ಥರ್ಮಾಕೋಲಿನೊಳಗಿಂದ ಹೊರಗೆ ಬಂದ ಪೆಟ್ಟಿಗೆಗೆ ಅರಿಶಿನ ಕುಂಕುಮವಾಯಿತು, ಹೂವಾಯಿತು. ಬೀದಿಯವರೆಲ್ಲ ನಮ್ಮ ನಡುಮನೆಯಲ್ಲಿ ಕೂತರು. ಅಪ್ಪ ಬೆಂಗಳೂರಿನವನನ್ನು ಅರ್ಧಕ್ಕೆ ಇಳಿಸಿದ ಕಥೆಯನ್ನು ಎರಡೆರಡು ಸಲ ಹೇಳಿ ಸ್ವಿಚ್ ಒತ್ತಿದ. ಟಿವಿ ಬೂದಿ ಬಣ್ಣಕ್ಕೆ ತಿರುಗಿ ಸುಮ್ಮನಾಯಿತು. “ಇರ್ರಿ, ಬಿಸಿಯಾಗ್ಬೇಕು,” ಎಂದ. ಕಾದೆವು. ಎದುರುಮನೆಯ ಅಜ್ಜಿ, “ಬೊಮ್ಮ ಇಂಕಾ ರಾಲೇದಾ?” ಎಂದು ತೆಲುಗಿನಲ್ಲಿ ಕೇಳಿದರು. ಚಿತ್ರ ಎಲ್ಲಿಂದ ಬರಬೇಕು? ಅಪ್ಪನ ಹಣೆಯಲ್ಲಿ ಬೆವರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಗ ಎದ್ದವರು ಪಕ್ಕದ ಮನೆಯ ಖಲೀಲ್ ಸಾಬರು. ಅವರೂ ನೂಲು ಬಿಚ್ಚುವ ರೀಲರೇ, ದಿನಾ ಗೂಡಿನ ಹರಾಜಿನಲ್ಲಿ ಅಪ್ಪನ ಎದುರಾಳಿ. ಪೆಟ್ಟಿಗೆಯ ಮೇಲೆ ಬಗ್ಗಿದರು. ಕ್ಯಾಸೆಟ್ ಕೂರಬೇಕಾದ ಖಾಲಿ ಬಾಯಿಯನ್ನು ಅವರು ನೋಡಿದ್ದನ್ನು ನಾನು ನೋಡಿದೆ. ಅಪ್ಪನನ್ನು ಜೀವಮಾನವಿಡೀ ಆಡಿಕೊಳ್ಳಲು ಒಂದು ಮಾತು ಸಾಕಾಗಿತ್ತು. ಅವರು ಸೊಂಟ ನೇರ ಮಾಡಿಕೊಂಡು, “ವೋಲ್ಟೇಜ್ ಡೌನ್ ಐತೆ ಮುನಿಶಾಮಣ್ಣ. ಇವತ್ತು ಆಗಲ್ಲ ಬಿಡಿ,” ಎಂದರು. ಎಲ್ಲರನ್ನೂ ತಾವೇ ಎಬ್ಬಿಸಿಕೊಂಡು ಹೋದರು.

ಆ ವೋಲ್ಟೇಜ್ ನಮ್ಮ ಮನೆಗೆ ಮತ್ತೆ ಬರಲೇ ಇಲ್ಲ. ಕ್ಯಾಸೆಟ್ ತಂದರೆ, ಅವತ್ತು ಕ್ಯಾಸೆಟ್ ಇರಲಿಲ್ಲವೆಂದು ಒಪ್ಪಿಕೊಂಡ ಹಾಗಲ್ಲವೇ? ಅಪ್ಪ ತರಲಿಲ್ಲ, ನಾನು ಕೇಳಲಿಲ್ಲ. ಪೆಟ್ಟಿಗೆ ಅಟ್ಟ ಸೇರಿತು. ಅದಾದ ಮೇಲೆ ಅಪ್ಪ ನನ್ನೆದುರು ಯಾವ ಚೌಕಾಸಿಯ ಕಥೆಯನ್ನೂ ಹೇಳಲಿಲ್ಲ. ಆಡಲಾಗದ ದುಃಖಕ್ಕಿಂತ ಅದೇ ನನಗೆ ಹೆಚ್ಚು ಕಷ್ಟವಾಯಿತು.

“ಅಪ್ಪಾ, ಗೇಮ್ ಎಲ್ಲಿ?”

ಮಗ ಕೇಳುತ್ತಿದ್ದ. ಡಬ್ಬದಲ್ಲಿ ಪೆಟ್ಟಿಗೆಯಿತ್ತು, ವೈರುಗಳಿದ್ದವು, ಆಟವಿರಲಿಲ್ಲ. ಈ ಪೆಟ್ಟಿಗೆಗಂತೂ ಡಿಸ್ಕ್ ಹಾಕುವ ಬಾಯಿಯೂ ಇಲ್ಲ; ಆಟವನ್ನು ನೆಟ್ಟಿನಿಂದಲೇ ಇಳಿಸಿಕೊಳ್ಳಬೇಕು. ಭಾರೀ ರಿಯಾಯಿತಿಯಲ್ಲಿ ಹೊಡೆದೆನೆಂದು ಎರಡು ದಿನದಿಂದ ಬೀಗುತ್ತಿದ್ದವನು ನಾನೇ. ಸೋಫಾದ ಮೇಲಿನ ಕಣ್ಣುಗಳೆಲ್ಲ ನನ್ನ ಕಡೆ ತಿರುಗಿದವು. “ಇವತ್ತು ನೆಟ್ ಸ್ಲೋ ಇದೆ,” ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

“ನಂಗೆ ಗೊತ್ತಿರ್ಲಿಲ್ಲ ಕಣೋ,” ಎಂದೆ. “ಆಟ ಬೇರೆ ಕೊಳ್ಬೇಕಂತೆ.”

“ಅಷ್ಟೇನಾ?” ಎಂದ ಮಗ.

ಹುಡುಗರು ಚೆಂಡು ಎತ್ತಿಕೊಂಡು ಆಚೆ ಓಡಿದರು. ಯಾರೂ ನಗಲಿಲ್ಲ. ನನಗೆ ಮಾತ್ರ ಅಳು ಬಂತು. ಇಷ್ಟು ಸಣ್ಣ ಮಾತು ಹೇಳಲು ಅಪ್ಪನಿಗೆ ಆಗದೇ ಹೋದದ್ದು ಯಾರಿಗೆ ಹೆದರಿ? ಬೀದಿಯವರಿಗಲ್ಲ. ಅವರೆಲ್ಲ ಹೋದ ಮೇಲೆ, ಅರಿಶಿನ ಹತ್ತಿದ ಪೆಟ್ಟಿಗೆಯ ಮುಂದೆ ಕೂತು, ಅಪ್ಪ ನನ್ನೊಬ್ಬನ ಮುಖವನ್ನೇ ನೋಡಿದ್ದ. ನಾನು ಆಗಲೂ ಗೋಡೆಯ ಕಡೆ ತಿರುಗಿಕೊಂಡಿದ್ದೆ.