ಸುಣ್ಣದಡಿಯ ಗೆರೆಗಳು

ಮಕ್ಕಳೇ, ಇದು ಎಂಬತ್ತರ ದಶಕದ ನಡುವಿನ ಮಾತು. ನಿಮ್ಮ ತಾತ ತೀರಿಕೊಂಡ ಮೇಲೆ, ಅವರು ದುಡಿಯುತ್ತಿದ್ದ ಯಲಹಂಕದ ಬಳಿಯ ಸಹಕಾರ ಸಂಘದಲ್ಲೇ ನನಗೆ ಗುಮಾಸ್ತೆ ಕೆಲಸ ಕೊಟ್ಟರು. ನಾನು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು. ಅಧಿಕಾರಿಗಳು ಬಂದರೆ ಬೀರುವಿನ ಮರೆಗೆ ಸರಿಯುತ್ತಿದ್ದೆ.

ಆಗ ರಾಗಿ, ಭತ್ತಕ್ಕೆ ಬೆಳೆ ವಿಮೆ ಬಂದಿತ್ತು. ಮೊದಲೇ ಸ್ವಲ್ಪ ಕಂತು ಕಟ್ಟಿದ್ದರೆ ಬೆಳೆ ಹೋದ ವರ್ಷ ಪರಿಹಾರ ಸಿಗುತ್ತಿತ್ತು. ನಮ್ಮ ಸುತ್ತಿನ ಹೂವಿಗೆ, ದ್ರಾಕ್ಷಿಗೆ ಅದಿರಲಿಲ್ಲ. ಅಟ್ಟೂರಿನ ಗೌರಮ್ಮ ಅರ್ಧ ಎಕರೆಯಲ್ಲಿ ಕನಕಾಂಬರ ಬೆಳೆಯುತ್ತಿದ್ದಳು. ಹಿಂದಿನ ಮಳೆಗಾಲದಲ್ಲಿ ಸೊರಗು ರೋಗ ಬಂದು ಬಹುಪಾಲು ಗಿಡ ಒಣಗಿದ್ದವು. ಹೊಸದಾಗಿ ನೆಟ್ಟಿದ್ದಳು. ಇನ್ನೊಮ್ಮೆ ಹೋದರೆ ತೋಟವನ್ನೇ ಬಿಡಬೇಕಿತ್ತು.

ಸಂಘದಿಂದ ಅರ್ಜಿಯ ಮೇಲೆ ಅರ್ಜಿ ಹೋದ ಮೇಲೆ, ಒಬ್ಬ ವಿಮಾ ಅಧಿಕಾರಿ ಕೆಲವು ಹೂವಿನ ತೋಟಗಳನ್ನು ಪ್ರಯೋಗಕ್ಕೆ ಸೇರಿಸಲು ಒಪ್ಪಿದರು. ಷರತ್ತು ಒಂದೇ, ಮೂರು ವರ್ಷದ ಇಳುವರಿಗೆ ದಾಖಲೆ ಬೇಕು.

ಗೌರಮ್ಮನಿಗೆ ಅಕ್ಷರ ಬಾರದು. ಆದರೆ ದಿನವೂ ಹೂವು ಅಳೆದು ಮಾರ್ಕೆಟ್ಟಿಗೆ ಕಳಿಸುವಾಗ, ಸೇರಿಗೊಂದರಂತೆ ಜಗಲಿಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆಯುತ್ತಿದ್ದಳು. ತಿಂಗಳು ಮುಗಿದ ಗುರುತಿಗೆ ಅಮಾವಾಸ್ಯೆಗೊಂದು ಸೊನ್ನೆ. ಹಬ್ಬಕ್ಕೆ ಮನೆಗೆಲ್ಲ ಸುಣ್ಣ ಬಳಿದರೂ ಆ ಗೋಡೆ ಮುಟ್ಟುತ್ತಿರಲಿಲ್ಲ. ನಾನು ಅಧಿಕಾರಿಗೆ ಚೀಟಿ ಬರೆದು ಇದನ್ನು ತಿಳಿಸಿದೆ. ಬಂದು ನೋಡುತ್ತೇನೆ ಎಂದರು. ಗೌರಮ್ಮನಿಗೆ ಮಾತ್ರ, "ನಾಳಿದ್ದು ಸಾಹೇಬರು ನಿಮ್ಮನೆಗೆ ಬರ್ತಾರೆ" ಎಂದಷ್ಟೇ ಹೇಳಿದೆ. ಸಂಕೋಚದಲ್ಲಿ ಮಾತನ್ನು ಅರ್ಧಕ್ಕೇ ನಿಲ್ಲಿಸಿ, ಏನು ನೋಡಲು ಎಂದು ಹೇಳಲಿಲ್ಲ.

ಅಧಿಕಾರಿಯ ಜೊತೆ ಹೋಗಿ ನೋಡಿದರೆ ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು.

"ಇದೇನೇ ಗೌರಮ್ಮ?" ಎಂದೆ.

"ಸಾಹೇಬ್ರು ಬತ್ತಾವ್ರೆ, ಕರೀ ಗೋಡೆ ಮುಂದೆ ಕುಂಡ್ರಸಕ್ಕಾಯ್ತದಾ ಅಕ್ಕ? ನೆನ್ನೆ ಒಂದ್ ಕೈ ಸುಣ್ಣ ಬಳ್ದೆ" ಎಂದು ಹೆಮ್ಮೆಯಿಂದ ನಕ್ಕಳು.

ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿದರು. "ಬಿಳೀ ಗೋಡೆ ನೋಡ್ಕೊಂಡು ನಾನೇನಮ್ಮಾ ಬರ್ಕೊಳ್ಳಲಿ?"

ಆಗ ಅವಳಿಗೆ ಅರ್ಥವಾಯಿತು. "ಅಯ್ಯೋ, ನನ್ ಕೈಯಾರೆ ನಾನೇ ಅಳಿಸ್ಬುಟ್ನಲ್ಲಕ್ಕ" ಎಂದು ಅಲ್ಲೇ ಕುಸಿದು ಕೂತಳು.

ತಪ್ಪು ನನ್ನದು ಎಂದು ಹೇಳಬೇಕಿತ್ತು. ಅದರ ಬದಲು ಗೋಡೆಯ ಹತ್ತಿರ ಹೋದೆ. ವರ್ಷವರ್ಷವೂ ಸುಣ್ಣ ಬಳಿದ ಕೈ ನನ್ನದು. ತೆಳು ಸುಣ್ಣ ನೆನೆದರೆ ಅಡಿಯ ಕಲೆ ಕಾಣುತ್ತದೆ, ಒಣಗಿದರೆ ಮುಚ್ಚಿಹೋಗುತ್ತದೆ. ಹಂಡೆಯಿಂದ ಒಂದು ಚೊಂಬು ನೀರು ಮೊಗೆದು ಗೋಡೆಗೆ ಎರಚಿದೆ. ಗೆರೆಗಳು ಒಂದೊಂದಾಗಿ ಎದ್ದು ಬಂದವು.

"ಹಾಕ್ರಮ್ಮ, ಇನ್ನೊಂದು ಚೊಂಬು ಹಾಕಿ!" ಎನ್ನುತ್ತ ಅಧಿಕಾರಿ ಕನ್ನಡಕ ಏರಿಸಿ ಗೋಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಗೌರಮ್ಮ ನೀರು ಹಾಕಿದಳು, ನಾನು ಎಣಿಸಿದೆ, ಅವರು ಬರೆದರು. ಒಣಗಿದ ಕಡೆ ಮತ್ತೆ ನೀರು. ಕೊನೆಗೆ ಒಂದು ಸೇರು ಹೂವನ್ನು ತಕ್ಕಡಿಗೆ ಹಾಕಿ, ಸೇರಿನ ಗೆರೆಗಳನ್ನು ಕಿಲೋಗೆ ತಿರುಗಿಸಿದೆವು.

ಹೊರಡುವಾಗ ಅವರು ಒದ್ದೆ ಪ್ಯಾಂಟು ಕೊಡವುತ್ತ ನನಗೆ ಹೇಳಿದರು: "ಮುಂದಿನ ಮನೆಯವರಿಗೆ ಮೊದಲೇ ಹೇಳಿಬಿಡಮ್ಮ, ಸುಣ್ಣ ಬಳೀಬೇಡಿ ಅಂತ."

ಗೌರಮ್ಮನ ತೋಟ ವಿಮೆಗೆ ಸೇರಿತು. ಮರುದಿನವೇ ಅವಳು ಆ ಗೋಡೆಯ ಮೇಲೆ ಮತ್ತೆ ಗೆರೆ ಎಳೆದಳಂತೆ.

ಆಮೇಲೆ ನಾನು ಬೀರುವಿನ ಮರೆಗೆ ಹೋಗಲಿಲ್ಲ. ಪ್ರತಿ ಬೆಳೆಗಾರರ ಮನೆಗೂ ಮುಂಚೆಯೇ ಹೋಗಿ, ಸಾಹೇಬರು ಏನು ನೋಡುತ್ತಾರೆ, ಯಾಕೆ ನೋಡುತ್ತಾರೆ ಎಂದು ಹೇಳಿ ಬರುತ್ತಿದ್ದೆ. ದನಿ ಸಣ್ಣದೇ ಇತ್ತು. ಆದರೆ ಮಾತನ್ನು ಅರ್ಧಕ್ಕೆ ನಿಲ್ಲಿಸುತ್ತಿರಲಿಲ್ಲ. ನನ್ನ ಸಂಕೋಚಕ್ಕೆ ಇನ್ನೊಬ್ಬರು ತೋಟ ಕಳೆದುಕೊಳ್ಳಬಾರದು ಎಂಬುದನ್ನು ಆ ಕೆಲಸ ನನಗೆ ಕಲಿಸಿತು.