ಕಣಜದ ತಳದ ಒಂದು ಸೇರು

ಶಹಾಪುರ ದಾಟಿ ಯಾದಗಿರಿ ರಸ್ತೆ ಹಿಡಿದರೆ ಸಿಗುವ ಬೇಳೆ ಮಿಲ್ಲಿನಲ್ಲಿ ನಾನು ಗೋದಾಮು ನೋಡಿಕೊಳ್ಳುತ್ತೇನೆ. ಬಾಗಿಲಲ್ಲಿ ನಿಂತರೆ ಮಲಗಿದ ಬುದ್ಧನ ಗುಡ್ಡ ಕಾಣುತ್ತದೆ. ಆತ ಆರಾಮವಾಗಿ ಮಲಗಿದ್ದಾನೆ, ನನಗೆ ಕೂರುವುದಕ್ಕೂ ಪುರಸೊತ್ತಿಲ್ಲ ಎಂದು ಎಷ್ಟೋ ಸಲ ಗೊಣಗಿದ್ದೇನೆ. ರೈತರ ತೊಗರಿ ಬಂದರೆ ತೂಗಿಸಿ, ದೊಡ್ಡ ತಗಡಿನ ಕಣಜಕ್ಕೆ ಸುರಿಸಿ, ಮಿಲ್ಲಿನವರು ಕೇಳಿದಾಗ ಬಿಡುವುದು ನನ್ನ ಕೆಲಸ. ಮೊದಲು ಇದೇ ಮಿಲ್ಲಿನ ಅಂಗಳದಲ್ಲಿ ಕೂತು ಬೇಳೆಯಲ್ಲಿನ ಹರಳು ಆರಿಸುತ್ತಿದ್ದೆ. ಗೋದಾಮಿನ ಕೀಲಿಕೈ ಸೊಂಟಕ್ಕೆ ಬಂದ ದಿನ ಓಣಿಯಲ್ಲಿ ನನ್ನ ನಡಿಗೆಯೇ ಬದಲಾಗಿತ್ತು ಎಂದು ಅವ್ವ ಈಗಲೂ ಆಡಿಕೊಳ್ಳುತ್ತಾಳೆ. ಬದಲಾಗಿತ್ತು ನಿಜ.

ಆ ಕೀಲಿಕೈಗೇ ಒಂದು ದಿನ ಸಂಚಕಾರ ಬಂತು. ನಮ್ಮ ಮಾಲಕರು ಲಿಂಗಪೂಜೆ ಮುಗಿಯದೆ ಒಂದು ಗುಟುಕು ಚಹಾ ಕುಡಿದವರಲ್ಲ. ಅಂದು ಮಾತ್ರ ಪೂಜೆ ಮುಗಿಸಿ ಚಹಾ ಕೂಡ ಕುಡಿಯದೆ ನೇರ ಗೋದಾಮಿಗೆ ಬಂದರು.

"ಇನ್ ಮ್ಯಾಲ ಇಆರ್‌ಪಿ ಅಂತ ಬರ್ತದ ನೋಡವ್ವ. ಖರೀದಿ, ಗೋದಾಮು, ಮಿಲ್ಲು, ಮಾರಾಟ ಎಲ್ಲಾ ಒಂದ ಕಂಪ್ಯೂಟರದಾಗ, ಒಂದಕ್ಕೊಂದು ಕಟ್ಟಿರ್ತಾವ. ನೀ ಕಲಿಬೇಕು. ಆಗಲಿಲ್ಲಂದ್ರ ಕೀಲಿಕೈ ಕಲತವರ ಕೈಗೆ ಹೋಗ್ತದ."

ನನಗೆ ಸಿಟ್ಟು ನೆತ್ತಿಗೇರಿತು. ಹತ್ತನೆಯ ತರಗತಿ ಪಾಸಾದವಳು, ಮೊಬೈಲಿನಲ್ಲಿ ಎಲ್ಲರಿಗಿಂತ ಮೊದಲು ಕರೆಂಟ್ ಬಿಲ್ಲು ಕಟ್ಟುವವಳು, ನನಗೆ ಬರುವುದಿಲ್ಲವೆ? ಆದರೆ ಕಲಿಸಲು ಕಲಬುರಗಿಯಿಂದ ಬಂದ ಟೀಚರಮ್ಮ, ನಮ್ಮ ಕಡೆಯ ಮಾತಿನಲ್ಲಿ ‘ಬಾಯಿ’, ಪರದೆ ತೆರೆದು ತೋರಿಸಿದಾಗ ನನ್ನ ಜಂಬವೆಲ್ಲ ಜರ್ರನೆ ಇಳಿಯಿತು. ಎಲ್ಲಿ ನೋಡಿದರೂ ಚೌಕ, ಒಂದರೊಳಗೆ ಇನ್ನೊಂದು. ಮೌಸು ಒಂದು ಕಡೆ ಓಡಿದರೆ ನನ್ನ ಕಣ್ಣು ಇನ್ನೊಂದು ಕಡೆ ಓಡುತ್ತಿತ್ತು. ಬಾಯಿ ನನ್ನದೇ ವಯಸ್ಸಿನವರು, ಶಾಂತ ಸ್ವಭಾವ. ನಾನು ಸಿಡುಕಿದಷ್ಟೂ ನಿಧಾನವಾಗಿ ಮಾತಾಡುತ್ತಿದ್ದರು, ಅದಕ್ಕೆ ಇನ್ನೂ ಸಿಡುಕುತ್ತಿದ್ದೆ.

ಕಲಿಕೆ ಆರಂಭದ ದಾಸ್ತಾನಿನಿಂದ ಶುರುವಾಯಿತು. ಈ ಘಳಿಗೆಗೆ ಗೋದಾಮಿನಲ್ಲಿ ಏನಿದೆಯೋ ಅದನ್ನು ಮೊದಲು ಹಾಕಬೇಕು, ಅದಕ್ಕಿಂತ ಹಿಂದಿನದು ಕಂಪ್ಯೂಟರಿಗೆ ಗೊತ್ತಿರುವುದಿಲ್ಲ. ಹಂಗಾಮು ಇನ್ನೂ ಶುರುವಾಗಿರಲಿಲ್ಲ, ಕಣಜದ ತಳದಲ್ಲಿ ಇದ್ದದ್ದು ಒಂದೇ ಸೇರು ತೊಗರಿ.

"ಇದು ಯಾರ ಕಡಿಂದ ಖರೀದಿ ಮಾಡಿದ್ರಿ?" ಎಂದು ಬಾಯಿ ಕೇಳಿದರು.

"ಖರೀದಿ ಮಾಡಿಲ್ರಿ. ನಮ್ಮ ಮನಿದು."

ಅವರು ನಕ್ಕುಬಿಟ್ಟರು, ನಾನು ನಗಲಿಲ್ಲ. ಮಿಲ್ಲು ಶುರುವಾದಾಗ ಈ ಗೋದಾಮು ಗುಡಿಸುತ್ತಿದ್ದವಳು ನನ್ನ ಅವ್ವ, ಸಗರದ ಒಕ್ಕಲು ಮನೆಯ ಮಗಳು. ಬರಿದಾದ ಕಣಜಕ್ಕೆ ಕಾಳು ಸುರಿಯಬಾರದು, ತಳದಲ್ಲಿ ಹಳೆಯ ಕಾಳು ಇರಬೇಕು, ಇಲ್ಲದಿದ್ದರೆ ಬರ್ಕತ್ತು, ಅಂದರೆ ಸಮೃದ್ಧಿ, ನಿಲ್ಲುವುದಿಲ್ಲ ಎಂಬುದು ಅವಳ ನಂಬಿಕೆ. ನಮ್ಮ ಕಡೆಯ ಮನೆಗಳಲ್ಲಿ ಜೋಳ ತುಂಬಿಡುವ ಗುಮ್ಮಿಯನ್ನೂ ಯಾರೂ ಪೂರ್ತಿ ಬಳಿದು ಖಾಲಿ ಮಾಡುವುದಿಲ್ಲ. ಹೊಸ ಕಣಜ ಬಂದ ದಿನ ಅವ್ವ ಸೆರಗಿನಲ್ಲಿ ಒಂದು ಸೇರು ತೊಗರಿ ಕಟ್ಟಿಕೊಂಡು ಬಂದು ತಳಕ್ಕೆ ಹಾಕಿದ್ದಳಂತೆ. ಅಂದಿನಿಂದ ಹೊಸ ಮಾಲು ಅದರ ಮೇಲೆಯೇ ಬೀಳಬೇಕು, ಬಿಡುವಾಗ ತಳದಲ್ಲಿ ಒಂದು ಸೇರು ಉಳಿಯಲೇಬೇಕು. ಅವ್ವ ಕೆಲಸ ಬಿಟ್ಟ ಮೇಲೆ ನಾನೂ ಅದನ್ನು ತಪ್ಪಿಸಿರಲಿಲ್ಲ. ಬಾಯಿ ಅದನ್ನು ತೂಗಿ, ಆರಂಭದ ದಾಸ್ತಾನು ಎಂಬ ಸಾಲಿನಲ್ಲಿ ನನ್ನ ಕೈಯಿಂದಲೇ ಹಾಕಿಸಿದರು.

ಹಂಗಾಮು ಶುರುವಾಯಿತು. ಮೊದಲು ಬಂದದ್ದು ದೋರನಹಳ್ಳಿಯ ಟ್ರ್ಯಾಕ್ಟರು. ಒಂದು ಸಲಕ್ಕೆ ಬಂದ ಮಾಲಿಗೆ ಲಾಟು ಎನ್ನುತ್ತಾರೆ, ಪ್ರತಿ ಲಾಟಿಗೂ ಒಂದು ಗುರುತು ಕೊಡಬೇಕು. ತೂಕ ಹಾಕಿ, ಊರು ಹಾಕಿ, ಉಸಿರು ಬಿಗಿ ಹಿಡಿದು ಗುಂಡಿ ಒತ್ತಿದೆ. ಕೈ ಇನ್ನೂ ಮೌಸಿನ ಮೇಲೆಯೇ ಇತ್ತು, ಅಷ್ಟರಲ್ಲಿ ನಮ್ಮ ಯಾದಗಿರಿ ಆಫೀಸಿನ ಗುಮಾಸ್ತರ ಫೋನು ಬಂತು.

"ದೋರನಹಳ್ಳಿ ಮಾಲು ಬಂತಲ್ರಿ, ನೋಡಿದೆ."

ನಾನು ಯಾರಿಗೂ ಹೇಳಿರಲಿಲ್ಲ, ಟ್ರ್ಯಾಕ್ಟರ್ ಇನ್ನೂ ಗೇಟಿನಲ್ಲೇ ನಿಂತಿತ್ತು. ಅದರ ಹಿಂದೆಯೇ ಸುರಪುರದ ನಮ್ಮ ಮಾರಾಟದ ಅಂಗಡಿಯವರೂ ಫೋನು ಮಾಡಿ ಬೇಳೆ ಯಾವಾಗ ಬರುತ್ತದೆ ಎಂದು ಕೇಳಿದರು. ಮೈ ಜುಮ್ಮೆಂದಿತು. ಶಹಾಪುರದ ಈ ಧೂಳಿನ ಮೂಲೆಯಲ್ಲಿ ಕೂತು ನಾನು ಒಂದು ಬೆರಳು ಆಡಿಸಿದರೆ ಎರಡು ಊರಿನವರು ತಲೆಯೆತ್ತುತ್ತಾರೆ! ಎದ್ದು ಹೋಗಿ ಗುಡ್ಡ ನೋಡುತ್ತ ನಿಂತೆ. ಕಲಿಯಬೇಕೆಂಬ ಆಸೆ ನಿಜವಾಗಿ ಹುಟ್ಟಿದ್ದು ಆವಾಗಲೇ. ಅಲ್ಲಿಯವರೆಗೆ ಬರೀ ಹಟವಿತ್ತು.

ಲಾಟು ಬಂದವು, ಮಿಲ್ಲಿಗೆ ಹೋದವು, ಒಂದು ಖಾಲಿಯಾದ ಮೇಲೆ ಇನ್ನೊಂದು. ಊಟದ ಡಬ್ಬಿ ಬಿಚ್ಚುವುದು ಮರೆತು ಪರದೆ ನೋಡುತ್ತಿದ್ದೆ. ಬಾಯಿಗೆ ಹೇಳದೆ ಹೊಸ ಹೊಸ ಚೌಕ ತೆರೆದು, ಹೆದರಿ ಮುಚ್ಚುತ್ತಿದ್ದೆ. ನನಗೆ ಎಲ್ಲವೂ ಬಂತು ಎಂದುಕೊಂಡೆ.

ಹಂಗಾಮಿನ ನಡುವೆ ತಾಳೆ ನೋಡುವ ದಿನ ಬಂತು. ಕಂಪ್ಯೂಟರಿನಲ್ಲಿ ಇರುವಷ್ಟು ಮಾಲು ಕಣಜದಲ್ಲೂ ಇರಬೇಕು. ಮಾಲಕರು ಕಣಜ ಇಣುಕಿ, ಪರದೆ ನೋಡಿ, ಹುಬ್ಬು ಗಂಟಿಕ್ಕಿದರು.

"ಕಂಪ್ಯೂಟರ್ ನೋಡಿದ್ರ ಅರ್ಧ ಚೀಲ ತೊಗರಿ ಅದ ಅಂತದ. ಕಣಜದಾಗ ಒಂದ ಸೇರು. ಉಳಿದದ್ದು ಎಲ್ಲಿ ಹೋಯ್ತವ್ವ?"

ಅಂಗಳದಲ್ಲಿ ಹರಳು ಆರಿಸುವ ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದರು. ಮಾಲಕರು ದನಿ ಏರಿಸಲಿಲ್ಲ, ಕೀಲಿಕೈ ಮೇಜಿನ ಮೇಲಿಡು ಎಂದರು, ಇಟ್ಟೆ. ಸೊಂಟ ಹಗುರಾದದ್ದು ಇಷ್ಟು ನೋವು ಕೊಡುತ್ತದೆಂದು ಗೊತ್ತಿರಲಿಲ್ಲ. ಕೆಲಸ ಹೋದರೆ ಅಂಗಳಕ್ಕೆ ಮರಳಿ ಹೋಗಿ ಕೂರುತ್ತಿದ್ದೆ, ಆದರೆ ಕಳ್ಳಿ ಎನ್ನಿಸಿಕೊಂಡು ಕೂರುವುದು ಹೇಗೆ?

"ನಿಮ್ಮ ಮಶೀನ ಸುಳ್ಳು ಹೇಳಾಕತ್ತದ!" ಎಂದು ಬಾಯಿಯ ಮೇಲೆ ಹರಿಹಾಯ್ದೆ.

"ಅದು ನೀವು ಹೇಳಿದ್ದನ್ನ ತಿರುಗಿ ಹೇಳ್ತದ್ರಿ. ಏನು ಹೇಳೀರಿ, ಕೂತು ನೋಡೋಣ ಬರ್ರಿ," ಎಂದರು ಅವರು, ಅದೇ ಹಾಳು ನಿಧಾನದಲ್ಲಿ.

ಒಂದೊಂದೇ ಲಾಟು ತೆರೆದೆವು. ದೋರನಹಳ್ಳಿಯ ಲಾಟಿನ ಕೊನೆಗೆ ಒಂದು ಸೇರು ಬಾಕಿ. ಅದರ ನಂತರದ್ದರಲ್ಲೂ ಒಂದು ಸೇರು ಬಾಕಿ, ಕೊಡೇಕಲ್ ಕಡೆಯಿಂದ ಬಂದದ್ದರಲ್ಲೂ ಅಷ್ಟೇ. ಎಲ್ಲಾ ಲಾಟುಗಳೂ ಮುಗಿಯದೆ, ಒಂದೊಂದು ಸೇರು ಹಿಡಿದು ನಿಂತಿದ್ದವು. ನೋಡುತ್ತಿದ್ದಂತೆ ಹಣೆ ಹಣೆ ಬಡಿದುಕೊಂಡೆ. ಕಣಜದಲ್ಲಿ ನಾನು ಉಳಿಸುತ್ತಿದ್ದದ್ದು ಒಂದೇ ಸೇರು. ಅದರ ಮೇಲೆ ಹೊಸ ಲಾಟು ಬೀಳುತ್ತಿತ್ತು, ಮತ್ತೆ ತಳದಲ್ಲಿ ಒಂದು ಸೇರು ಉಳಿಯುತ್ತಿತ್ತು. ಕಂಪ್ಯೂಟರಿಗೆ ಮಾತ್ರ ನಾನು ಬಿಟ್ಟ ತೂಕದಲ್ಲಿ ಪ್ರತಿ ಸಲವೂ ಒಂದು ಸೇರು ಕಳೆದು ಹಾಕಿ, ಪ್ರತಿ ಲಾಟೂ ತನ್ನದೇ ಒಂದು ಸೇರು ಬಿಟ್ಟು ಹೋಗಿದೆ ಎಂದು ಹೇಳುತ್ತ ಬಂದಿದ್ದೆ. ಅವ್ವ ಕಲಿಸಿದ ಒಂದೇ ಸೇರು ಅಲ್ಲಿ ಅರ್ಧ ಚೀಲವಾಗಿ ಬೆಳೆದಿತ್ತು.

"ಇದಕ್ಕ ಸಾಕ್ಷಿ ಏನು?" ಎಂದರು ಮಾಲಕರು.

ಬಾಯಿ ಮಿಲ್ಲಿನ ಚೌಕ ತೆರೆದರು. ತೊಗರಿ ಒಡೆಯುವ ಮೊದಲು ಅಲ್ಲಿಯೂ ಒಮ್ಮೆ ತೂಗುತ್ತಾರೆ. ಆ ತಕ್ಕಡಿಯನ್ನು ನಾನು ಎಂದೂ ಮುಟ್ಟಿದವಳಲ್ಲ. ನಾನು ಬಿಟ್ಟೆ ಎಂದು ಹಾಕಿದ್ದಕ್ಕಿಂತ ಪ್ರತಿ ಲಾಟಿಗೂ ಅಲ್ಲಿ ಒಂದು ಸೇರು ಹೆಚ್ಚು ತೂಗಿತ್ತು. ಒಂದು ಕಾಳೂ ಎಲ್ಲೂ ಹೋಗಿರಲಿಲ್ಲ. ಗೋಡೆಯ ಆಚೆ ತನ್ನ ಪಾಡಿಗೆ ತೂಗುತ್ತಿದ್ದ ಯಂತ್ರ ನನ್ನ ಪರವಾಗಿ ಸಾಕ್ಷಿ ಹೇಳಿತ್ತು. ನನಗೆ ಗೊತ್ತಿಲ್ಲದೆಯೇ ಕೈ ಮುಗಿದೆ, ಯಾರಿಗೆ ಎಂದು ಕೇಳಿದರೆ ಇಂದಿಗೂ ಹೇಳಲಾರೆ.

ಮಾಲಕರ ಮುಖ ಸಡಿಲವಾಯಿತು. "ಹಂಗಾದ್ರ ತಳಾ ಗುಡಿಸಿ ಖಾಲಿ ಮಾಡಿಬಿಡು, ತಂಟೆ ಬ್ಯಾಡ," ಎಂದರು.

"ಗುಡಿಸಂಗಿಲ್ರಿ," ಎಂದೆ. ಕೀಲಿಕೈ ಇನ್ನೂ ಮೇಜಿನ ಮೇಲೆಯೇ ಇದ್ದಾಗ ಇಷ್ಟು ಧೈರ್ಯ ಎಲ್ಲಿಂದ ಬಂತೋ.

ಬಾಯಿಗೆ ಹೇಳದೆ ನಾನು ತೆರೆದು ಮುಚ್ಚಿದ್ದ ಚೌಕಗಳಲ್ಲಿ ಒಂದು ನೆನಪಾಯಿತು, ಒಂದು ಲಾಟಿನಲ್ಲಿ ಉಳಿದದ್ದನ್ನು ಇನ್ನೊಂದಕ್ಕೆ ಸೇರಿಸುವಂಥದ್ದು. ಅದನ್ನು ತೆರೆದು, ಇದು ಆಗುತ್ತದೆಯೇ ಎಂದು ಕೇಳಿದೆ. ಬಾಯಿ ಕನ್ನಡಕ ಸರಿಮಾಡಿಕೊಂಡು, "ಆಗ್ತದ್ರಿ, ಬೇಷ್ ಆಗ್ತದ," ಎಂದರು. ಬಿಟ್ಟ ತೂಕ ತಿದ್ದಿದೆವು. ಆರಂಭದ ಸೇರನ್ನು ದೋರನಹಳ್ಳಿಯ ಲಾಟಿಗೆ ಸೇರಿಸಿದೆವು, ಅದರ ಸೇರನ್ನು ಮುಂದಿನದಕ್ಕೆ, ಹೀಗೆ ಕೊನೆಯವರೆಗೆ. ಕೊನೆಗೆ ಪರದೆಯಲ್ಲಿ ಉಳಿದದ್ದು ಒಂದೇ ಸೇರು, ಕಣಜದಲ್ಲಿದ್ದಷ್ಟೇ.

ಆಮೇಲೆ ಬಾಯಿ ಅಂದು ಬೆಳಿಗ್ಗೆ ಹೊಲಿದ ಬೇಳೆ ಚೀಲವೊಂದರ ಗುರುತು ಹಾಕಿ, ಅದರ ಜಾಡು ತೋರಿಸು ಎಂಬ ಗುಂಡಿ ಒತ್ತಿಸಿದರು. ಚೀಲದಿಂದ ಒಂದು ಗೆರೆ ಹೊರಟಿತು. ಮಿಲ್ಲಿಗೆ ಹೋಯಿತು, ಕಣಜಕ್ಕೆ ಬಂತು, ಒಂದು ಲಾಟಿನಿಂದ ಅದರ ಹಿಂದಿನ ಲಾಟಿಗೆ, ಅದರ ಹಿಂದಿನದಕ್ಕೆ, ಊರು ಊರು ದಾಟಿ ಎಲ್ಲಿಯೂ ತುಂಡಾಗದೆ ಕೆಳಗಿಳಿಯಿತು. ತಟ್ಟನೆ ಕೊನೆಯ ಸಾಲಿನಲ್ಲಿ ನಿಂತಿತು, ಆರಂಭದ ದಾಸ್ತಾನು. ಮಾಲಕರು ಬಗ್ಗಿ ನೋಡಿದರು. ಆಮೇಲೆ ಕೀಲಿಕೈ ಎತ್ತಿ ನನ್ನ ಕೈಗೆ ಕೊಟ್ಟು, ಹೊರಗೆ ಹೋಗಿ ಎಲ್ಲರಿಗೂ ಚಹಾ ಹೇಳಿದರು.

ಮನೆಗೆ ಹೋದ ಕೂಡಲೇ ಅವ್ವನಿಗೆ ಎಲ್ಲ ಹೇಳಿದೆ. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೇಳಿದಳು. ಮಾಲಕರ ಪ್ರಶ್ನೆ ಬಂದಾಗ ಬೈದಳು, ಗೆರೆಯ ಮಾತು ಬಂದಾಗ ಕೈ ನಿಲ್ಲಿಸಿದಳು.

"ಆ ಗೆರಿ ಕಡೀಕ ಎಲ್ಲಿ ನಿಂತಿತು?"

"ನೀ ಹಾಕಿದ ಸೇರಿನ ಸಾಲಿನಾಗ ಅವ್ವ. ಅದರ ಹಿಂದ ಏನೂ ಇಲ್ಲ ಅಂತದ ಕಂಪ್ಯೂಟರ್."

ಅವ್ವ ಸೆರಗಿನ ಅಂಚನ್ನು ಬೆರಳಿನಲ್ಲಿ ಹಿಡಿದು, ಒಂದು ಸೇರು ಕಾಳು ಕಟ್ಟಿಕೊಳ್ಳುವಷ್ಟು ಅಗಲಕ್ಕೆ ಹರಡಿ ತೋರಿಸಿದಳು.

"ಅದರ ಹಿಂದ ನಾ ಅದೀನಲ್ಲ," ಎಂದಳು.

ಮರುದಿನ ಸಗರದಿಂದ ಹೊಸ ಲಾಟು ಬಂತು. ಸುರಿಯುವ ಮೊದಲು ಕಣಜದ ತಳ ಇಣುಕಿ ನೋಡಿದೆ. ಸೇರು ಅಲ್ಲೇ ಇತ್ತು.